ವ್ಯಸನದ ಬೇರು ಎಲ್ಲಿದೆ?

ದುಶ್ಚಟಕ್ಕೆ ಬಿದ್ದವನೊಬ್ಬ ಮನೆಯಲ್ಲಿದ್ದರೆ ಆ ಮನೆಯ ನೆಮ್ಮದಿ ಹೇಗೆ ಕದಡಿಹೋಗುತ್ತದೆ ಎಂಬುದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಅವನು ದೇವರ ಮುಂದೆ ಆಣೆಯಿಡುತ್ತಾನೆ. ತಾಯಿಯ ಕಾಲು ಹಿಡಿದು ಅಳುತ್ತಾನೆ. ಮಕ್ಕಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಡುತ್ತಾನೆ. ನಾಲ್ಕು ತಿಂಗಳು ಕೊಟ್ಟ ಮಾತಿಗೆ ತಪ್ಪದೆ ನಡೆದುಕೊಳ್ಳುತ್ತಾನೆ. ಮನೆಯವರ ಮುಖದಲ್ಲಿ ಮತ್ತೆ ಕಳೆ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಒಂದು ಸಂಜೆ, ಹಳೆಯ ಗೆಳೆಯರು ಕೂಡುವ ಜಾಗದ ಮುಂದೆ ಹಾದುಹೋದವನು ತೂರಾಡುತ್ತ ಮನೆಗೆ ಬರುತ್ತಾನೆ.

ಆಗ ಮನೆಯವರಿಂದ ಹಿಡಿದು ನೆರೆಹೊರೆಯವರ ತನಕ ಎಲ್ಲರ ಬಾಯಲ್ಲಿಯೂ ಬರುವ ಮಾತು ಒಂದೇ: "ಅವನಿಗೆ ಬಿಡುವ ಮನಸ್ಸೇ ಇಲ್ಲ." ಆದರೆ ಆಣೆಯಿಟ್ಟ ದಿನ ಅವನ ಕಣ್ಣೀರು ಸುಳ್ಳಾಗಿತ್ತೆ? ಬಿಡಬೇಕೆಂಬ ಸಂಕಲ್ಪ ನಿಜವಾಗಿಯೂ ಇದ್ದು, ಅದನ್ನು ಮೀರುವ ಮತ್ತೊಂದು ಬಲ ಅವನ ತಲೆಯೊಳಗೇ ಬೇರುಬಿಟ್ಟಿದ್ದರೆ? ಈ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿಗಳಿಗೆ ಇತ್ತೀಚಿನ ವರ್ಷಗಳಲ್ಲಿ ಉತ್ತರದ ಒಂದು ಎಳೆ ಸಿಕ್ಕಿದೆ. ಅದು ಸಿಕ್ಕಿದ್ದು ಯಾರೂ ನಿರೀಕ್ಷಿಸದಿದ್ದ ಕಡೆ: ಮಿದುಳಿನಲ್ಲಿದ್ದೂ ಬಹುಕಾಲ ಲೆಕ್ಕಕ್ಕೆ ಬಾರದಿದ್ದ ಒಂದು ಜಾತಿಯ ಕಿರಿಯ ಜೀವಕೋಶಗಳಲ್ಲಿ.

ಇದು ಕೆಲವೇ ಮನೆಗಳ ಸಂಕಟವಲ್ಲ. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 10ರಿಂದ 75 ವರ್ಷದೊಳಗಿನ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಿದ್ದರು. ಅವರಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ಅದು ಕೇವಲ ಸೇವನೆಯಾಗಿ ಉಳಿಯದೆ, ವೈದ್ಯಕೀಯ ನೆರವು ಬೇಕಾಗುವಷ್ಟು ಹಾನಿಯ ಹಂತ ಮುಟ್ಟಿತ್ತು. ಅಫೀಮು, ಹೆರಾಯಿನ್ ಮತ್ತು ಆ ಬಗೆಯ ಔಷಧಗಳನ್ನು ಬಳಸುತ್ತಿದ್ದವರ ಪ್ರಮಾಣ ನೂರಕ್ಕೆ ಎರಡನ್ನು ಮೀರಿತ್ತು. ಒಬ್ಬೊಬ್ಬನ ಹಿಂದೆಯೂ ಒಂದೊಂದು ಸಂಸಾರವಿದೆ ಎಂಬುದನ್ನು ನೆನೆದರೆ ಈ ಸಂಖ್ಯೆಗಳ ಭಾರ ಅರಿವಾದೀತು.

ಮಿದುಳಿನ ಅಂಟು

ಮಿದುಳು ಎಂದೊಡನೆ ನಮಗೆ ನೆನಪಾಗುವುದು ನರಕೋಶಗಳು. ವಿಚಾರ, ನೆನಪು, ಮಾತು, ಚಲನೆ ಎಲ್ಲವೂ ನರಕೋಶಗಳ ನಡುವೆ ಓಡಾಡುವ ವಿದ್ಯುತ್ ಸಂದೇಶಗಳಿಂದ ನಡೆಯುತ್ತವೆ ಎಂದು ಶಾಲೆಯ ಪುಸ್ತಕಗಳಲ್ಲಿಯೂ ಓದಿರುತ್ತೇವೆ. ಆದರೆ ಮಿದುಳಿನಲ್ಲಿ ನರಕೋಶಗಳಷ್ಟೇ ಇಲ್ಲ. ಅವುಗಳ ಸುತ್ತ, ಅವುಗಳ ಸಂದುಗಳಲ್ಲಿ ಬೇರೊಂದು ಕುಲದ ಕೋಶಗಳೂ ತುಂಬಿಕೊಂಡಿವೆ. 1850ರ ದಶಕದಲ್ಲಿ ಜರ್ಮನಿಯ ಪ್ರಖ್ಯಾತ ವೈದ್ಯವಿಜ್ಞಾನಿ ರುಡಾಲ್ಫ್ ವಿರ್ಖೋ ಇವುಗಳಿಗೆ 'ಗ್ಲಿಯಾ' ಎಂಬ ಹೆಸರನ್ನು ರೂಢಿಗೆ ತಂದರು. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ 'ಅಂಟು' ಎಂದೇ ಅರ್ಥ. ನರಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು, ಅದಕ್ಕಿಂತ ಹೆಚ್ಚಿನದೇನೂ ಅಲ್ಲ ಎಂಬ ಭಾವನೆ ಆ ಹೆಸರಿನಲ್ಲಿಯೇ ಅಡಗಿತ್ತು. ನೂರು ವರ್ಷಕ್ಕೂ ಮಿಕ್ಕಿ ಈ ಭಾವನೆಯೇ ಬೇರೂರಿ ನಿಂತಿತು.

ಆದರೆ ಅವುಗಳ ಸಂಖ್ಯೆಯೇನೂ ಸಾಮಾನ್ಯವಲ್ಲ. 2009ರಲ್ಲಿ ಬ್ರೆಜಿಲ್ ದೇಶದ ಸುಜಾನಾ ಹರ್ಕ್ಯುಲಾನೊ-ಹೌಜೆಲ್ ಮತ್ತು ಸಂಗಡಿಗರು ಮಾನವ ಮಿದುಳಿನ ಕೋಶಗಳನ್ನು ಹೊಸ ವಿಧಾನದಿಂದ ಎಣಿಸಿದಾಗ, ನರಕೋಶಗಳು ಸುಮಾರು 8,600 ಕೋಟಿಯಷ್ಟಿದ್ದರೆ, ಉಳಿದ ಕೋಶಗಳೂ ಹೆಚ್ಚುಕಡಿಮೆ ಅಷ್ಟೇ ಇರುವುದು ಕಂಡುಬಂದಿತು. ಆ ಉಳಿದವುಗಳಲ್ಲಿ ಬಹುಪಾಲು ಗ್ಲಿಯಾ ಕೋಶಗಳೇ.

ಇವುಗಳಲ್ಲಿ ಮುಖ್ಯವಾಗಿ ಮೂರು ಬಗೆ. ನರಕೋಶಗಳಿಗೆ ಆಹಾರ ಒದಗಿಸಿ ಸುತ್ತಲಿನ ನೆಲೆಯನ್ನು ಹದವಾಗಿಡುವ ಆಸ್ಟ್ರೊಸೈಟ್ ಕೋಶಗಳು ಒಂದು ಬಗೆ. ರೋಗಾಣುಗಳು ನುಗ್ಗಿದಾಗ, ಪೆಟ್ಟು ಬಿದ್ದಾಗ ಕಾವಲುಗಾರರಂತೆ ಓಡಿಬರುವ ಮೈಕ್ರೊಗ್ಲಿಯಾ ಇನ್ನೊಂದು ಬಗೆ. ಮೂರನೆಯವು ಆಲಿಗೊಡೆಂಡ್ರೊಸೈಟ್ ಎಂಬ ಉದ್ದನೆಯ ಹೆಸರಿನವು. ನಮ್ಮ ಕಥೆಗೆ ಬೇಕಾದವು ಇವೇ ಆದುದರಿಂದ, ಇವು ಮಾಡುವ ಕೆಲಸವನ್ನು ನೋಡಿ ಇವುಗಳನ್ನು 'ಹೊದಿಕೆಕೋಶ'ಗಳೆಂದು ಕರೆಯೋಣ.

ವಿದ್ಯುತ್ ತಂತಿಯ ಮೇಲೆ ರಬ್ಬರಿನ ಹೊದಿಕೆ ಇರುವುದನ್ನು ಎಲ್ಲರೂ ಕಂಡಿದ್ದೇವೆ. ನರಕೋಶದಿಂದ ಹೊರಡುವ ಉದ್ದನೆಯ ಎಳೆಯ ಸುತ್ತಲೂ ಇಂಥದೇ ಒಂದು ಕೊಬ್ಬಿನ ಹೊದಿಕೆ ಇರುತ್ತದೆ. ಅದರ ಹೆಸರು ಮೈಲಿನ್. ಹೊದಿಕೆಕೋಶವು ತನ್ನ ತೋಳುಗಳನ್ನು ಚಾಚಿ, ಸುತ್ತಲಿನ ನರದ ಎಳೆಗಳಿಗೆ ಬಟ್ಟೆ ಸುತ್ತಿದಂತೆ ಮೈಲಿನ್ ಸುತ್ತುತ್ತದೆ. ಹೊದಿಕೆಯಿಲ್ಲದ ಎಳೆಯಲ್ಲಿ ಸಂದೇಶವು ಸೆಕೆಂಡಿಗೆ ಒಂದೆರಡು ಮೀಟರಿನಷ್ಟು ದೂರ ಸಾಗಿದರೆ, ದಪ್ಪ ಹೊದಿಕೆಯುಳ್ಳ ಎಳೆಯಲ್ಲಿ ನೂರು ಮೀಟರಿನವರೆಗೂ ಧಾವಿಸಬಲ್ಲುದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗದಲ್ಲಿ ಈ ಹೊದಿಕೆ ಹಾಳಾದಾಗ ಮನುಷ್ಯನ ನಡಿಗೆ, ದೃಷ್ಟಿ, ಸ್ಪರ್ಶಗಳೆಲ್ಲ ಕೆಡುವುದನ್ನು ನೋಡಿದರೆ ಇದರ ಮಹತ್ವ ತಿಳಿಯುತ್ತದೆ.

ಬೀಜದಂತೆ ಕಾಯುವ ಕೋಶಗಳು

1983ರಲ್ಲಿ ಲಂಡನ್ನಿನ ಮಾರ್ಟಿನ್ ರಾಫ್, ರಾಬರ್ಟ್ ಮಿಲ್ಲರ್ ಮತ್ತು ಮಾರ್ಕ್ ನೋಬಲ್ ಎಂಬ ವಿಜ್ಞಾನಿಗಳು ಇಲಿಯ ಕಣ್ಣಿನ ನರದಿಂದ ಕೆಲವು ಕೋಶಗಳನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ಅವು ಇನ್ನೂ ಯಾವ ಕಸುಬನ್ನೂ ಹಿಡಿಯದ ಕೋಶಗಳು. ಒಂದು ಬಗೆಯ ದ್ರವದಲ್ಲಿಟ್ಟರೆ ಅವು ಹೊದಿಕೆಕೋಶಗಳಾದವು. ಇನ್ನೊಂದು ಬಗೆಯ ದ್ರವದಲ್ಲಿಟ್ಟರೆ ಆಸ್ಟ್ರೊಸೈಟ್‌ಗಳಾದವು. ಗ್ಲಿಯಾ ಕೋಶಗಳಿಗೆ ಜನ್ಮ ಕೊಡುವ ಇವುಗಳನ್ನು ಗ್ಲಿಯಾ ಜನಕಕೋಶಗಳು ಎನ್ನಬಹುದು.

ಮಿದುಳಿನ ಬೆಳವಣಿಗೆ ಮುಗಿದ ಮೇಲೆ ಈ ಜನಕಕೋಶಗಳ ಕೆಲಸವೂ ಮುಗಿಯಬೇಕಿತ್ತಲ್ಲವೆ? ಹಾಗಾಗುವುದಿಲ್ಲ. ಪ್ರಾಯದವರ ಮಿದುಳಿನಲ್ಲಿಯೂ ಒಟ್ಟು ಕೋಶಗಳ ನೂರಕ್ಕೆ ಸುಮಾರು ಐದರಷ್ಟು ಇವೇ ಇರುತ್ತವೆ. ಮಳೆಗಾಗಿ ಕಾಯುವ ಬೀಜಗಳಂತೆ ಮಿದುಳಿನ ತುಂಬ ಹರಡಿಕೊಂಡು, ಕರೆ ಬಂದಾಗ ಒಂದು ಎರಡಾಗಿ ಒಡೆದು, ಹೊಸ ಹೊದಿಕೆಕೋಶಗಳಾಗಿ ಬೆಳೆಯುತ್ತವೆ. ಆ ಕರೆ ಎಲ್ಲಿಂದ ಬರುತ್ತದೆ ಎಂಬುದರ ಸುಳಿವು 2000ದಲ್ಲಿ ದೊರೆಯಿತು. ನರಕೋಶಗಳು ತಮ್ಮತಮ್ಮೊಳಗೆ ಸಂದೇಶ ವಿನಿಮಯ ಮಾಡಿಕೊಳ್ಳುವ ಸಂಧಿಗಳಂಥವೇ, ಅವುಗಳಿಗೂ ಜನಕಕೋಶಗಳಿಗೂ ನಡುವೆ ಇವೆ ಎಂದು ಡ್ವೈಟ್ ಬರ್ಗಲ್ಸ್ ಮತ್ತು ಸಂಗಡಿಗರು ತೋರಿಸಿದರು. ಅಂದರೆ, 'ಅಂಟು' ಎಂದು ಕಡೆಗಣಿಸಲ್ಪಟ್ಟಿದ್ದ ಕುಲದ ಈ ಕಿರಿಯರು ನರಕೋಶಗಳ ಮಾತನ್ನು ಕಿವಿಗೊಟ್ಟು ಕೇಳುತ್ತಿದ್ದವು!

ಕೇಳಿ ಏನು ಮಾಡುತ್ತಿದ್ದವು? 2014ರಲ್ಲಿ ಎರಡು ಸಂಶೋಧನೆಗಳು ಇದಕ್ಕೆ ಉತ್ತರ ಕೊಟ್ಟವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಿಷೆಲ್ ಮೊಂಜೆಯವರ ತಂಡವು, ಇಲಿಮರಿಯಷ್ಟೇ ಚಿಕ್ಕದಾದ ಸುಂಡಿಲಿಗಳ ಮಿದುಳಿನಲ್ಲಿ ಚಲನೆಗೆ ಸಂಬಂಧಿಸಿದ ನರಕೋಶಗಳನ್ನು ಬೆಳಕಿನಿಂದ ಪ್ರಚೋದಿಸಿತು. ಆಗ ಆ ದಾರಿಯಲ್ಲಿದ್ದ ಜನಕಕೋಶಗಳು ಹೆಚ್ಚಿ, ನರದ ಹೊದಿಕೆ ದಪ್ಪವಾಯಿತು. ಅದೇ ವರ್ಷ ಲಂಡನ್ನಿನ ವಿಲಿಯಂ ರಿಚರ್ಡ್‌ಸನ್ ಅವರ ತಂಡವು, ಹೊಸ ಹೊದಿಕೆಕೋಶಗಳು ಹುಟ್ಟದಂತೆ ತಡೆದರೆ ಸುಂಡಿಲಿಗಳು ಅಂತರ ತಪ್ಪಿದ ಮೆಟ್ಟಿಲುಗಳ ಚಕ್ರದ ಮೇಲೆ ಓಡುವ ವಿದ್ಯೆಯನ್ನು ಸರಿಯಾಗಿ ಕಲಿಯಲಾರವು ಎಂದು ತೋರಿಸಿತು.

ಇದರ ತಾತ್ಪರ್ಯವನ್ನು ಹಳ್ಳಿಯ ಭಾಷೆಯಲ್ಲಿ ಹೀಗೆ ಹೇಳಬಹುದು. ಬಯಲಿನಲ್ಲಿ ಒಂದು ಬಂಡಿ ಒಮ್ಮೆ ಹೋದರೆ ಹುಲ್ಲು ಬಾಗುತ್ತದೆ ಅಷ್ಟೆ. ಅದೇ ಬಂಡಿ ಅದೇ ಕಡೆ ದಿನವೂ ಹೋದರೆ ಜಾಡು ಬೀಳುತ್ತದೆ. ಜಾಡು ಬಿದ್ದ ಮೇಲೆ ಎತ್ತುಗಳನ್ನು ಹೊಡೆಯಬೇಕಾಗಿಲ್ಲ. ಅವು ತಾವಾಗಿ ಅದೇ ದಾರಿ ಹಿಡಿಯುತ್ತವೆ. ತಬಲಾ ಕಲಿಯುವ ಹುಡುಗನ ಬೆರಳು, ನೇಕಾರನ ಕೈ, ಸೈಕಲ್ ಕಲಿತವನ ಕಾಲು ಇವೆಲ್ಲವೂ ಯೋಚಿಸದೆ ನಡೆಯುವುದು ಇಂಥ ಜಾಡಿನಿಂದ. ನರಕೋಶಗಳು ಮತ್ತೆ ಮತ್ತೆ ಓಡಾಡಿದ ದಾರಿಯನ್ನು ಗಟ್ಟಿಗೊಳಿಸುವವರಲ್ಲಿ ಗ್ಲಿಯಾ ಜನಕಕೋಶಗಳೂ ಸೇರಿವೆ. ಈ ದಾರಿಗೆಲಸದವರು ಒಳ್ಳೆಯ ಬಂಡಿ ಯಾವುದು, ಕೆಟ್ಟ ಬಂಡಿ ಯಾವುದು ಎಂದು ಕೇಳುವುದಿಲ್ಲ. ನಮ್ಮ ಕಥೆಯ ಸಂಕಟ ಇರುವುದು ಇಲ್ಲಿಯೇ.

ಸುಖದ ದಾರಿ

1954ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬಿಬ್ಬರು ಇಲಿಗಳ ಮಿದುಳಿನ ಒಂದು ಭಾಗಕ್ಕೆ ಸಣ್ಣ ತಂತಿ ಸೇರಿಸಿ, ಸನ್ನೆಯನ್ನು ಒತ್ತಿದರೆ ಅಲ್ಲಿಗೆ ಮಂದವಾದ ವಿದ್ಯುತ್ತು ಹರಿಯುವಂತೆ ಮಾಡಿದರು. ಇಲಿಗಳು ಬೇರೆ ಕೆಲಸ ಬಿಟ್ಟು ಆ ಸನ್ನೆಯನ್ನೇ ಮತ್ತೆ ಮತ್ತೆ ಒತ್ತತೊಡಗಿದವು. ಮಿದುಳಿನಲ್ಲಿ ಸುಖಕ್ಕೆ ಒಂದು ನಿಶ್ಚಿತವಾದ ದಾರಿ ಇದೆ ಎಂಬುದು ಆಗ ತಿಳಿಯಿತು. ನಡುಮಿದುಳಿನ ಒಂದು ಪುಟ್ಟ ಪ್ರದೇಶದಿಂದ ಹೊರಟು ಮುಂದಣ ಭಾಗಗಳನ್ನು ಮುಟ್ಟುವ ಆ ದಾರಿಯಲ್ಲಿ ಸಂದೇಶ ಒಯ್ಯುವ ರಾಸಾಯನಿಕವೇ ಡೋಪಮೈನ್.

ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ತಾಯಿಗೆ ಮಗುವಿನ ನಗು ಇವೆಲ್ಲ ಈ ದಾರಿಯನ್ನು ಹಿತಮಿತವಾಗಿ ಎಚ್ಚರಿಸುತ್ತವೆ. "ಇದು ಒಳ್ಳೆಯದು, ನೆನಪಿಟ್ಟುಕೋ, ಮತ್ತೆ ಮಾಡು" ಎಂದು ಕಲಿಸುವುದೇ ಡೋಪಮೈನಿನ ಕೆಲಸ. ಮಾದಕವಸ್ತುಗಳು ಈ ಪಾಠಶಾಲೆಗೆ ಕಳ್ಳದಾರಿಯಿಂದ ನುಗ್ಗುತ್ತವೆ. ಮಾರ್ಫಿನ್, ಹೆರಾಯಿನ್‌ಗಳು ಡೋಪಮೈನ್ ಕೋಶಗಳನ್ನು ಹಿಡಿದಿಟ್ಟಿರುವ ಕೋಶಗಳ ಕೈ ಸಡಿಲಿಸುತ್ತವೆ. ಬ್ರೇಕು ಬಿಟ್ಟ ಬಂಡಿಯಂತೆ ಡೋಪಮೈನ್ ಹರಿಯುತ್ತದೆ. ಕೊಕೇನ್ ಹರಿದ ಡೋಪಮೈನ್ ಮರಳಿ ತನ್ನ ಗೂಡಿಗೆ ಸೇರದಂತೆ ಬಾಗಿಲು ಮುಚ್ಚುತ್ತದೆ. ಮದ್ಯ, ತಂಬಾಕುಗಳೂ ತಮ್ಮದೇ ರೀತಿಯಲ್ಲಿ ಈ ಪ್ರವಾಹವನ್ನು ಏರಿಸುತ್ತವೆ. ದುಡಿಯದೆ ದೊರೆತ ಈ ಸುಖವನ್ನು ಮಿದುಳು "ಎಲ್ಲಕ್ಕಿಂತ ಮುಖ್ಯವಾದದ್ದು" ಎಂದು ತಪ್ಪಾಗಿ ಕಲಿಯುತ್ತದೆ.

ಡೋಪಮೈನಿನ ವಿಷಯ ದಶಕಗಳಿಂದ ತಿಳಿದದ್ದೇ. ಆದರೆ ಅದರ ಏರಿಳಿತ ಗಂಟೆಗಳ ಮಾತು. ಸೇವಿಸಿದ ಪದಾರ್ಥ ಮೈಯಿಂದ ಇಳಿದುಹೋಗಿ ತಿಂಗಳುಗಳಾದ ಮೇಲೂ ಸೆಳೆತ ಉಳಿಯುವುದೇಕೆ? ಕಲಿತ ಆ ತಪ್ಪು ಪಾಠ ಎಲ್ಲಿ ಅಚ್ಚಾಗಿ ನಿಲ್ಲುತ್ತದೆ? ನರಕೋಶಗಳ ನಡುವಿನ ಸಂಧಿಗಳು ಗಟ್ಟಿಯಾಗುವುದು ಇದಕ್ಕೆ ಒಂದು ಕಾರಣವೆಂದು ಮೊದಲೇ ತಿಳಿದಿತ್ತು. ಗ್ಲಿಯಾ ಜನಕಕೋಶಗಳೂ ಇದರಲ್ಲಿ ಪಾಲುಗೊಳ್ಳುತ್ತವೆ ಎಂಬುದು ಹೊಸ ಸಂಗತಿ.

2024ರ ಪ್ರಯೋಗ

ಮೇಲೆ ಹೇಳಿದ ಮಿಷೆಲ್ ಮೊಂಜೆಯವರು ಮೂಲತಃ ಮಕ್ಕಳ ಮಿದುಳಿನ ಗೆಡ್ಡೆಗಳಿಗೆ ಚಿಕಿತ್ಸೆ ನೀಡುವ ವೈದ್ಯೆ. ಅವರೂ ಬೆಲ್ಗಿನ್ ಯಾಲ್ಚಿನ್ ಮತ್ತಿತರ ಸಂಗಡಿಗರೂ ಸೇರಿ ನಡೆಸಿದ ಸಂಶೋಧನೆ 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಂಡಿಲಿಗಳಿಗೆ ಮಾರ್ಫಿನ್ ಅಥವಾ ಕೊಕೇನಿನ ಒಂದೇ ಒಂದು ಪ್ರಮಾಣ ಕೊಟ್ಟು ಅವರು ಪರೀಕ್ಷಿಸಿದರು. ಮೂರು ಗಂಟೆಗಳೊಳಗಾಗಿ, ಡೋಪಮೈನ್ ಕೋಶಗಳ ನೆಲೆಯಾದ ಆ ಪುಟ್ಟ ಪ್ರದೇಶದಲ್ಲಿ ಜನಕಕೋಶಗಳು ಒಡೆದು ಹೆಚ್ಚತೊಡಗಿದ್ದವು. ಮುಂದೆ ಅವು ಹೊದಿಕೆಕೋಶಗಳಾಗಿ ಬೆಳೆದವು. ಸೋಜಿಗವೆಂದರೆ, ಡೋಪಮೈನ್ ಹರಿದುಹೋಗಿ ಸೇರುವ ಮುಂದಣ ಭಾಗಗಳಲ್ಲಿ ಈ ಬದಲಾವಣೆ ಕಾಣಲಿಲ್ಲ. ಅದರ ಉಗಮಸ್ಥಾನದಲ್ಲಿ ಮಾತ್ರ ಕಂಡಿತು.

ಅನಂತರದ ಪರೀಕ್ಷೆ ಇನ್ನೂ ಅರ್ಥವತ್ತಾದದ್ದು. ಎರಡು ಕೋಣೆಗಳ ಒಂದು ಪೆಟ್ಟಿಗೆ. ಒಂದು ಕೋಣೆಯಲ್ಲಿ ಸುಂಡಿಲಿಗೆ ಮಾರ್ಫಿನ್ ಸಿಗುತ್ತದೆ, ಇನ್ನೊಂದರಲ್ಲಿ ಬರೀ ಉಪ್ಪುನೀರು. ಕೆಲವು ದಿನ ಹೀಗೆ ರೂಢಿ ಮಾಡಿಸಿ, ಬಳಿಕ ಯಾವ ಮದ್ದನ್ನೂ ಕೊಡದೆ ಅದನ್ನು ತನ್ನ ಪಾಡಿಗೆ ಬಿಟ್ಟರೆ ಅದು ಮಾರ್ಫಿನ್ ಸಿಕ್ಕಿದ್ದ ಕೋಣೆಗೇ ಹೋಗಿ ಕೂರುತ್ತದೆ. ಮದ್ದಿಲ್ಲದಿದ್ದರೂ ಜಾಗವೇ ಅದನ್ನು ಸೆಳೆಯುತ್ತದೆ. ಆದರೆ ಹೊಸ ಹೊದಿಕೆಕೋಶಗಳು ಹುಟ್ಟದಂತೆ ವಂಶವಾಹಿಯಲ್ಲಿ ಮಾರ್ಪಾಡು ಮಾಡಿದ ಸುಂಡಿಲಿಗಳಲ್ಲಿ ಈ ಸೆಳೆತ ಬೆಳೆಯಲಿಲ್ಲ. ಅವುಗಳಿಗೂ ಅದೇ ಮಾರ್ಫಿನ್ ದೊರೆತಿತ್ತು. ಆದರೆ ಅವುಗಳ ಮಿದುಳಿನಲ್ಲಿ ಡೋಪಮೈನ್ ಹೊಮ್ಮುವ ರೀತಿ ಮಂದವಾಗಿತ್ತು, ಜಾಗಕ್ಕೂ ಸುಖಕ್ಕೂ ಗಂಟು ಬೀಳಲಿಲ್ಲ.

ಮೊದಲಿಗೆ ಹೇಳಿದ ಮನುಷ್ಯನನ್ನು ಇಲ್ಲಿ ನೆನೆಯಬೇಕು. ಹಳೆಯ ಗೆಳೆಯರು ಕೂಡುವ ಜಾಗದ ಮುಂದೆ ಅವನ ಕಾಲು ಏಕೆ ತಡೆಯಿತು ಎಂಬುದಕ್ಕೆ ಎರಡು ಕೋಣೆಗಳ ಆ ಪೆಟ್ಟಿಗೆ ಒಂದು ಉತ್ತರವನ್ನು ಸೂಚಿಸುತ್ತದೆ. ಚಟವೆಂಬುದು ಬರಿಯ ಬಯಕೆಯಲ್ಲ. ಮಿದುಳಿನಲ್ಲಿ ಬಿದ್ದ ಜಾಡು.

ಕಡಿವಾಣ ಹಿಡಿಯುವ ಭಾಗ

ಸುಖದ ದಾರಿ ಒಂದು ಕಡೆಯಾದರೆ, ಹಣೆಯ ಹಿಂದಿರುವ ಮುಂಮಿದುಳು ಇನ್ನೊಂದು ಕಡೆ. "ಬೇಡ, ತಾಳು, ನಾಳೆಯ ಗತಿ ಯೋಚಿಸು" ಎಂದು ಕಡಿವಾಣ ಹಿಡಿಯುವುದು ಈ ಭಾಗ. ಇಲ್ಲಿಯೂ ಜನಕಕೋಶಗಳಿವೆ. ಅಮೆರಿಕದಲ್ಲಿ ಚಿತ್ರಾ ಮಂಡ್ಯಂ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಸಂಶೋಧನೆ ಇವುಗಳ ಕುರಿತದ್ದು. ಮೆಥಾಂಫೆಟಮಿನ್ ಎಂಬ ಮಾದಕವಸ್ತುವನ್ನು ಇಲಿಗಳು ಸನ್ನೆ ಒತ್ತಿ ತಾವೇ ತೆಗೆದುಕೊಳ್ಳುವ ಏರ್ಪಾಡು ಮಾಡಲಾಗಿತ್ತು. ದಿನವೂ ತೆಗೆದುಕೊಂಡ ಇಲಿಗಳ ಮುಂಮಿದುಳಿನಲ್ಲಿ ಜನಕಕೋಶಗಳು ಒಡೆದು ಹೆಚ್ಚುವುದೂ ಕಡಿಮೆಯಾಯಿತು, ಹುಟ್ಟಿದವು ಬದುಕಿ ಉಳಿಯುವುದೂ ಕಡಿಮೆಯಾಯಿತು. ಆದರೆ ತಮ್ಮಿಚ್ಛೆಯಿಂದ ಚಕ್ರದ ಮೇಲೆ ಓಡಿ ವ್ಯಾಯಾಮ ಮಾಡುತ್ತಿದ್ದ ಇಲಿಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ ಹೊಸ ಕೋಶಗಳು ಹೆಚ್ಚಿದವು, ಬದುಕಿಯೂ ಉಳಿದವು.

ಇವೆರಡು ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ವ್ಯಸನಿಯ ಅವಸ್ಥೆ ಕಣ್ಣಿಗೆ ಕಟ್ಟುತ್ತದೆ. ಸೆಳೆಯುವ ಕಡೆ ದಾರಿಗೆಲಸ ಭರದಿಂದ ಸಾಗುತ್ತದೆ. ತಡೆಯುವ ಕಡೆ ದಾರಿಗೆಲಸದವರೇ ಕಡಿಮೆಯಾಗುತ್ತಾರೆ. ಎತ್ತುಗಳು ಬಲಿಯುತ್ತವೆ, ಹಗ್ಗ ಸವೆಯುತ್ತದೆ.

ಹದಿಹರೆಯದವರ ವಿಷಯದಲ್ಲಿ ಇದು ಇನ್ನೂ ಗಂಭೀರ. ಮುಂಮಿದುಳಿನ ಹೊದಿಕೆಯ ಕೆಲಸ ಎಲ್ಲಕ್ಕಿಂತ ತಡವಾಗಿ, ಮನುಷ್ಯನ ಇಪ್ಪತ್ತೈದನೆಯ ವಯಸ್ಸಿನ ಆಸುಪಾಸಿನವರೆಗೂ ನಡೆಯುತ್ತಲೇ ಇರುತ್ತದೆ. ಎಳೆವಯಸ್ಸಿನ ಗಂಡಿಲಿಗಳು ಮಿತಿಮೀರಿ ಮದ್ಯ ಕುಡಿದಾಗ ಮುಂಮಿದುಳಿನ ಮೈಲಿನ್ ಕ್ಷೀಣಿಸಿದ್ದನ್ನೂ, ಹೆಚ್ಚು ಕುಡಿದವು ದೊಡ್ಡವಾದ ಮೇಲೆ ನೆನಪಿನ ಪರೀಕ್ಷೆಯಲ್ಲಿ ಹಿಂದೆಬಿದ್ದುದನ್ನೂ ಅಮೆರಿಕದ ಸಂಶೋಧಕರು 2014ರಲ್ಲಿ ವರದಿ ಮಾಡಿದ್ದಾರೆ. ಕಾಲೇಜಿಗೆ ಹೋಗುವ ಮಗ "ಒಂದು ಸಲ ರುಚಿ ನೋಡಿದರೆ ಏನಾಯಿತು?" ಎಂದರೆ ಕೊಡಬೇಕಾದ ಉತ್ತರ ಇದು: ಕಟ್ಟುತ್ತಿರುವ ಮನೆಯ ಗೋಡೆ ಇನ್ನೂ ಹಸಿಯಾಗಿದೆ, ಹಸಿಗೋಡೆಗೆ ಬಿದ್ದ ಪೆಟ್ಟು ಒಣಗಿದ ಮೇಲೂ ಉಳಿಯುತ್ತದೆ.

ತಪ್ಪು ತಿಳಿಯಬಾರದ ಸಂಗತಿಗಳು

ಇಷ್ಟು ಓದಿದವರು ಎರಡು ತಪ್ಪು ತೀರ್ಮಾನಗಳಿಗೆ ಬರುವ ಸಂಭವವಿದೆ. ಮೊದಲನೆಯದು, "ಹಾಗಾದರೆ ಹೊದಿಕೆಕೋಶಗಳನ್ನು ತಡೆಯುವ ಮಾತ್ರೆಯೊಂದನ್ನು ನುಂಗಿದರೆ ಚಟ ಬಿಟ್ಟೀತು" ಎಂಬುದು. ಈ ಪ್ರಯೋಗಗಳೆಲ್ಲ ನಡೆದದ್ದು ಇಲಿ, ಸುಂಡಿಲಿಗಳ ಮೇಲೆ. ಅಂಥ ಮಾತ್ರೆಯನ್ನು ಯಾವ ವೈದ್ಯರೂ ಬರೆದುಕೊಡುವುದಿಲ್ಲ. ಒಳ್ಳೆಯ ವಿದ್ಯೆಗಳನ್ನು ಕಲಿಸುವುದೂ ಇದೇ ಕೋಶಗಳಾದುದರಿಂದ ಇವನ್ನು ಇಡಿಯಾಗಿ ತಡೆಯುವುದು ಕಳೆಯೊಂದಿಗೆ ಪೈರನ್ನೂ ಕಿತ್ತಂತೆ.

ಎರಡನೆಯದು ಇನ್ನೂ ಅಪಾಯಕರ: "ಎಲ್ಲವೂ ಮಿದುಳಿನಲ್ಲಿಯೇ ಅಚ್ಚಾಗಿದೆ ಎಂದಮೇಲೆ ಬಿಡುವ ಪ್ರಯತ್ನವೇ ವ್ಯರ್ಥ" ಎಂಬ ನಿರಾಶೆ. ಇದಕ್ಕೆ ಉತ್ತರ ಇತಿಹಾಸದಲ್ಲಿಯೇ ಇದೆ. ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸೈನಿಕರಲ್ಲಿ ಅನೇಕರು ಅಲ್ಲಿ ಅಗ್ಗವಾಗಿ ದೊರೆಯುತ್ತಿದ್ದ ಹೆರಾಯಿನಿಗೆ ದಾಸರಾಗಿದ್ದರು. 1971ರಲ್ಲಿ ತಾಯ್ನಾಡಿಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ವಿದುಷಿ ಸಮೀಕ್ಷೆ ಮಾಡಿದಾಗ, ಸುಮಾರು ಐವರಲ್ಲಿ ಒಬ್ಬನು ಅಲ್ಲಿದ್ದಾಗ ವ್ಯಸನಿಯಾಗಿದ್ದುದಾಗಿ ಹೇಳಿದನು. ಊರಿಗೆ ಮರಳಿದ ಮೊದಲ ವರ್ಷದಲ್ಲಿ ಹಾಗೆ ವ್ಯಸನಿಗಳಾಗಿದ್ದವರಲ್ಲಿ ನೂರಕ್ಕೆ ಐವರಷ್ಟೇ ಮತ್ತೆ ವ್ಯಸನಕ್ಕೆ ಬಿದ್ದರು. ಮೂರು ವರ್ಷಗಳಲ್ಲಿ ನೂರಕ್ಕೆ ಹನ್ನೆರಡು ಮಂದಿ. ಯುದ್ಧಭೂಮಿಯ ಭಯ, ಆ ಸಂಗಡಿಗರು, ಆ ಜಾಗ, ಕೈಗೆಟುಕುವ ಹೆರಾಯಿನ್ ಎಲ್ಲವೂ ಹಿಂದೆ ಉಳಿದಿದ್ದವು. ಮನೆ, ಹೆಂಡತಿ ಮಕ್ಕಳು, ಉದ್ಯೋಗ ಮುಂದಿದ್ದವು. ಸುಂಡಿಲಿಯ ಪೆಟ್ಟಿಗೆ ಕಲಿಸುವ ಪಾಠವನ್ನೇ ಈ ಸೈನಿಕರ ಬದುಕು ಇನ್ನೊಂದು ಬದಿಯಿಂದ ಕಲಿಸುತ್ತದೆ. ಜಾಗ ಬದಲಾದರೆ ಸೆಳೆತವೂ ಸಡಿಲಾಗುತ್ತದೆ.

ಜನಕಕೋಶಗಳು ಜೀವನಪರ್ಯಂತ ಮಿದುಳಿನಲ್ಲಿ ಉಳಿಯುತ್ತವೆ ಎಂಬ ಮಾತನ್ನು ಇಲ್ಲಿ ಮತ್ತೆ ನೆನೆಯಬೇಕು. ಹಳೆಯ ಜಾಡು ಒಂದೇ ರಾತ್ರಿಯಲ್ಲಿ ಅಳಿಯುವುದಿಲ್ಲ, ನಿಜ. ಆದರೆ ಬಂಡಿ ಓಡಾಡದ ಜಾಡಿನಲ್ಲಿ ಹುಲ್ಲು ಬೆಳೆಯುತ್ತದೆ. ಹೊಸ ದಾರಿಯಲ್ಲಿ ದಿನವೂ ಬಂಡಿ ಹೋದರೆ ಅಲ್ಲಿ ಹೊಸ ಜಾಡು ಬೀಳುತ್ತದೆ.

ಮನೆಯವರ ಪಾಲಿನ ಕೆಲಸ

ನಮ್ಮ ನಾಡಿನಲ್ಲಿ ವ್ಯಸನಮುಕ್ತಿಯ ಕಾರ್ಯಕ್ಕೆ ಹಿರಿಯ ಪರಂಪರೆಯೇ ಇದೆ. ಚಿತ್ತರಗಿ-ಇಳಕಲ್ಲ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ಸುತ್ತಿ, ಧನಧಾನ್ಯಗಳ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡತೊಡಗಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಹತ್ತು ಜನರ ಮುಂದೆ ಕೈಯೆತ್ತಿ ಬಿಟ್ಟೆನೆಂದು ಹೇಳುವ ಸಂಕಲ್ಪಕ್ಕೆ ದೊಡ್ಡ ಬಲವಿದೆ. ವಿಜ್ಞಾನ ಆ ಬಲವನ್ನು ಅಲ್ಲಗಳೆಯುವುದಿಲ್ಲ. ಸಂಕಲ್ಪದ ಮರುದಿನದಿಂದ ಏನಾಗಬೇಕು ಎಂಬುದನ್ನು ಅದಕ್ಕೆ ಕೂಡಿಸುತ್ತದೆ.

ಮೊದಲನೆಯದಾಗಿ, ದಿನವೂ ವಿಪರೀತ ಕುಡಿಯುವವನನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಹೋಗಬಾರದು. ನಡುಕ, ಫಿಟ್ಸು, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯ ಬರಬಹುದು. ಆ ಮೊದಲ ದಿನಗಳು ವೈದ್ಯರ ಕಣ್ಣಳತೆಯಲ್ಲಿಯೇ ಕಳೆಯಬೇಕು. ಮದ್ಯದ ಸೆಳೆತವನ್ನು ತಗ್ಗಿಸುವ, ಹೆರಾಯಿನಿನ ಜಾಗದಲ್ಲಿ ಕೊಟ್ಟು ಬದುಕನ್ನು ಹದಕ್ಕೆ ತರುವ ಔಷಧಗಳು ಇಂದು ನಮ್ಮ ದೇಶದಲ್ಲಿಯೇ ದೊರೆಯುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ವ್ಯಸನಮುಕ್ತಿಗೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446. ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಎರಡಕ್ಕೂ ಹಣ ಕೊಡಬೇಕಾಗಿಲ್ಲ.

ಎರಡನೆಯದಾಗಿ, ಚಿಕಿತ್ಸೆ ಮುಗಿಸಿ ಬಂದವನ ಹಾದಿಯನ್ನು ಬದಲಿಸಬೇಕು. ಅಂಗಡಿಗೆ ಹೋಗುವ ದಾರಿ, ಸಂಜೆ ಕೂಡುವ ಕಟ್ಟೆ, ಹಳೆಯ ಗುಂಪು ಇವು ಚಿಕ್ಕ ಸಂಗತಿಗಳಲ್ಲ. "ಗಟ್ಟಿ ಮನಸ್ಸಿದ್ದರೆ ಎಲ್ಲಿ ಹೋದರೇನು?" ಎಂದು ಅವನನ್ನು ಪರೀಕ್ಷೆಗೆ ಒಡ್ಡಬಾರದು. ಮದುವೆ, ಜಾತ್ರೆಗಳಲ್ಲಿ ಅವನೊಡನೆ ಒಬ್ಬರು ಜೊತೆಗಿರುವುದು ಕಾವಲಲ್ಲ, ಆಸರೆ.

ಮೂರನೆಯದಾಗಿ, ಬರಿದಾದ ಸಂಜೆಗಳನ್ನು ತುಂಬಬೇಕು. ನಡಿಗೆ, ಹೊಲದ ಕೆಲಸ, ಆಟ, ಭಜನೆ, ಹೊಸದೊಂದು ಕಸುಬಿನ ಕಲಿಕೆ, ಯಾವುದಾದರೂ ಸರಿಯೆ, ದಿನವೂ ಅದೇ ಹೊತ್ತಿಗೆ ನಡೆಯಬೇಕು. ಪ್ರಯೋಗಶಾಲೆಯ ಇಲಿಗೆ ಚಕ್ರ ಮಾಡಿದ ಉಪಕಾರವನ್ನು ಮನುಷ್ಯನಿಗೆ ನಿಯಮಿತವಾದ ದುಡಿಮೆಯೂ ವ್ಯಾಯಾಮವೂ ಮಾಡುತ್ತವೆಂದು ಆಶಿಸಲು ಕಾರಣವಿದೆ.

ನಾಲ್ಕನೆಯದು ಎಲ್ಲಕ್ಕಿಂತ ಕಠಿನವಾದದ್ದು: ತಾಳ್ಮೆ. ಜಾಡು ಬೀಳಲು ವರ್ಷಗಳು ಹಿಡಿದಿವೆ. ಅದು ಮುಚ್ಚಲೂ ಕಾಲ ಬೇಕು. ನಡುವೆ ಒಮ್ಮೆ ಜಾರಿದರೆ ಅಲ್ಲಿಯವರೆಗಿನ ಶ್ರಮವೆಲ್ಲ ಮಣ್ಣುಪಾಲಾಯಿತೆಂದು ಭಾವಿಸಬಾರದು. ಮಧುಮೇಹಿಯ ಸಕ್ಕರೆ ಒಮ್ಮೆ ಏರಿದರೆ ನಾವು ಅವನನ್ನು ಮನೆಯಿಂದ ಹೊರಗೆ ಹಾಕುವುದಿಲ್ಲ; ವೈದ್ಯರ ಬಳಿಗೆ ಕರೆದೊಯ್ಯುತ್ತೇವೆ. ಹೀಗೆಂದಮಾತ್ರಕ್ಕೆ ಹೆಂಡತಿಯ ಮೇಲೆ ಕೈಮಾಡುವುದನ್ನು, ಮನೆಯ ದುಡ್ಡನ್ನು ಹಾಳುಮಾಡುವುದನ್ನು ಸಹಿಸಿಕೊಳ್ಳಬೇಕೆಂದು ಅರ್ಥವಲ್ಲ. ರೋಗಕ್ಕೆ ಮರುಗಬೇಕು, ಅನ್ಯಾಯಕ್ಕೆ ಮಣಿಯಬಾರದು. ಹೆಂಗಸರ, ಮಕ್ಕಳ ರಕ್ಷಣೆ ಮೊದಲು. ಚಿಕಿತ್ಸೆಯ ಮಾತು ಆಮೇಲೆ.

ಕುಲಗೆಟ್ಟವನು, ಮಾನಗೆಟ್ಟವನು ಎಂದು ಹೀಯಾಳಿಸಿ ನೂಕಿದರೆ ಅವನು ಹೋಗಿ ಸೇರುವುದು ಹಳೆಯ ಕಟ್ಟೆಯನ್ನೇ, ಹಳೆಯ ಜಾಡನ್ನೇ. ಆಣೆಯಿಟ್ಟು ಅತ್ತವನು ಸುಳ್ಳುಗಾರನಾಗಿರಲಿಲ್ಲ. ಅವನ ಸಂಕಲ್ಪ ನಿಜವಾಗಿತ್ತು, ಅದಕ್ಕೆ ದಾರಿ ಇನ್ನೂ ಆಗಿರಲಿಲ್ಲ. ಆ ದಾರಿಯನ್ನು ಅವನೊಬ್ಬನೇ ಮಾಡಿಕೊಳ್ಳಲಾರ. ವೈದ್ಯರು, ಮನೆಯವರು, ಊರಿನ ಹಿರಿಯರು ಕೈಗೂಡಿಸಿದರೆ, ಅವನ ಮಿದುಳಿನಲ್ಲಿ ಬೀಜದಂತೆ ಕಾಯುತ್ತಿರುವ ಆ ಕಿರಿಯ ಕೋಶಗಳೂ ಒಳಗಿನಿಂದ ಕೈಗೂಡಿಸುತ್ತವೆ.